ಮೊಳೆಯ ಸದ್ದು, ನಾಣ್ಯದ ಸದ್ದು

ಮೆಟಲ್ ಡಿಟೆಕ್ಟರ್ ಅಂದರೆ ನಮ್ಮಂಥ ಮಹಾನಗರದವರಿಗೆ ನೆನಪಾಗುವುದು ಮಾಲ್‌ನ ಬಾಗಿಲು, ಮೆಟ್ರೋ ಸ್ಟೇಷನ್ನಿನ ಚೌಕಟ್ಟು. ಬೀಗದ ಕೈ, ಬೆಲ್ಟಿನ ಬಕಲ್, ಜೇಬಿನ ಚಿಲ್ಲರೆ, ಎಲ್ಲಕ್ಕೂ ಅದು ಒಂದೇ ಥರ ಕೂಗುತ್ತದೆ. ಎಷ್ಟೋ ಕಡೆ ಸೆಕ್ಯುರಿಟಿಯವರೂ ಆ ಕೂಗಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಇದೇ ಯಂತ್ರದ ದಾಯಾದಿಯೊಂದನ್ನು ಕೈಯಲ್ಲಿ ಹಿಡಿದು, ಉತ್ತ ಹೊಲದಲ್ಲಿ ಹಳೆಯ ನಾಣ್ಯ ಹುಡುಕುತ್ತ ಇಡೀ ಭಾನುವಾರ ಕಳೆಯುವವರು ಇಂಗ್ಲೆಂಡಿನಲ್ಲಿ ಸಾವಿರಾರು ಜನ. ಅವರ ಯಂತ್ರ ಒಂದೇ ಥರ ಕೂಗುವುದಿಲ್ಲ. ಕೂಗಿನ ವ್ಯತ್ಯಾಸ ಹಿಡಿಯುವುದೇ ಅವರ ವಿದ್ಯೆ. ಈ ಸಲದ ಅಂಕಣ ಆ ವಿದ್ಯೆಯ ಬಗ್ಗೆ. ಅದೇ ಯಂತ್ರ ನಮ್ಮೂರಿಗೆ ಬಂದರೆ ಏನಾಗುತ್ತದೆ ಎಂಬುದರ ಬಗ್ಗೆಯೂ.

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆಂದು ಸಫೋಕ್‌ನ ಇಪ್ಸ್‌ವಿಚ್‌ನಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಪಕ್ಕದ ಡೆಸ್ಕಿನ ಹಿರಿಯರೊಬ್ಬರಿಗೆ ಈ ಹುಚ್ಚು. ಕೊಯ್ಲು ಮುಗಿದು ಮುಂದಿನ ಬಿತ್ತನೆ ಆಗುವವರೆಗಿನ ಸಮಯದಲ್ಲಿ, ಹೊಲದ ಯಜಮಾನನ ಒಪ್ಪಿಗೆ ಪಡೆದು ಹೋಗುತ್ತಿದ್ದರು. ಐದಾರು ಸಲ ನಾನೂ ಜೊತೆಗೆ ಹೋದೆ.

ಯಂತ್ರದ ಒಳಗುಟ್ಟು ನಾವು ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ. ತಟ್ಟೆಯಂಥ ತಲೆಯೊಳಗೆ ತಂತಿಯ ಎರಡು ಸುರುಳಿಗಳು. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ಮಣ್ಣಿನೊಳಗಿನ ಲೋಹವನ್ನು ಮುಟ್ಟಿದಾಗ ಲೋಹದಲ್ಲೂ ಸಣ್ಣ ಪ್ರವಾಹ ಹುಟ್ಟಿ, ಅದರದೇ ಒಂದು ಕ್ಷೇತ್ರ ವಾಪಸು ಬರುತ್ತದೆ. ಎರಡನೆಯ ಸುರುಳಿ ಅದನ್ನು ಕೇಳಿಸಿಕೊಳ್ಳುತ್ತದೆ. ವಾಪಸು ಬರುವಾಗ ಆಗುವ ಅತಿ ಸಣ್ಣ ವಿಳಂಬ ಲೋಹಕ್ಕೆ ತಕ್ಕಂತೆ, ಗಾತ್ರಕ್ಕೆ ತಕ್ಕಂತೆ ಬೇರೆ. ಯಂತ್ರ ಆ ವಿಳಂಬವನ್ನು ಒಂದು ಸಂಖ್ಯೆಯಾಗಿ ಪರದೆಯ ಮೇಲೆ ತೋರಿಸುತ್ತದೆ. ಕಬ್ಬಿಣ ಕೆಳಗಿನ ಸಂಖ್ಯೆ, ದಪ್ಪ ಬೆಳ್ಳಿ ನಾಣ್ಯ ಮೇಲಿನ ಸಂಖ್ಯೆ. ನಡುವಿನದೆಲ್ಲ ಗೊಂದಲದ ಸೀಮೆ. ತಂಪು ಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯುಮಿನಿಯಂ ಕೊಂಡಿಗೂ ಚಿನ್ನದ ಉಂಗುರಕ್ಕೂ ಅಲ್ಲಿ ಒಂದೇ ಸಂಖ್ಯೆ ಬರಬಹುದು.

ಹೊಸಬರು ಮೊದಲು ಮುಟ್ಟುವುದು ಡಿಸ್ಕ್ರಿಮಿನೇಷನ್ ಎಂಬ ಸೆಟ್ಟಿಂಗನ್ನು. ಇಂತಿಷ್ಟು ಸಂಖ್ಯೆಗಿಂತ ಕೆಳಗಿನದಕ್ಕೆ ಕೂಗಬೇಡ ಎಂದು ಯಂತ್ರಕ್ಕೆ ಹೇಳುವುದು. ಮೊಳೆ, ಲಾಳ, ತಗಡಿನ ಚೂರು ಅಗೆದು ಅಗೆದು ಸೊಂಟ ನೋಯುವಾಗ ಇದು ವರವೆನಿಸುತ್ತದೆ. ನಮ್ಮ ಹಿರಿಯರು ಮಾತ್ರ ಅದನ್ನು ಸೊನ್ನೆಗೆ ಇಳಿಸಿ, ಎಲ್ಲ ಸದ್ದನ್ನೂ ಕೇಳುತ್ತ ನಡೆಯುತ್ತಿದ್ದರು. ಕಾರಣ ಸರಳ. ಮೊಳೆಯ ಪಕ್ಕದಲ್ಲೇ ನಾಣ್ಯವಿದ್ದರೆ, ಮೊಳೆಗೆ ಬಾಯಿ ಮುಚ್ಚಿಸಿದ ಯಂತ್ರ ನಾಣ್ಯದ ಬಾಯನ್ನೂ ಮುಚ್ಚಿಬಿಡುತ್ತದೆ. ಜನ ವಾಸವಿದ್ದ ಜಾಗದಲ್ಲೇ ಮೊಳೆ ಹೆಚ್ಚು, ನಾಣ್ಯ ಬಿದ್ದಿರುವುದೂ ಅಲ್ಲೇ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಸುಳ್ಳು ಅಲರ್ಟ್ ಬೇಡವೆಂದು ಫಿಲ್ಟರ್ ಬಿಗಿ ಮಾಡಿದರೆ ನಿಜವಾದ ಅಲರ್ಟೂ ಬರುವುದಿಲ್ಲ.

ಎರಡನೆಯದು ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನಲ್ಲೇ ಕಬ್ಬಿಣದ ಅಂಶವಿರುತ್ತದೆ, ಮಣ್ಣೂ ಸದ್ದು ಮಾಡುತ್ತದೆ. ಲೋಹವಿಲ್ಲದ ಜಾಗ ನೋಡಿ, ತಟ್ಟೆಯನ್ನು ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತ ಸದ್ದು ಸ್ಥಿರವಾಗುವವರೆಗೆ ಹೊಂದಿಸಬೇಕು. ಸಫೋಕ್‌ನ ಸೌಮ್ಯ ಮಣ್ಣಿನಲ್ಲಿ ಇದು ಅರ್ಧ ನಿಮಿಷದ ಕೆಲಸ. ನಮ್ಮ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಅದೇ ಯಂತ್ರ ಒದ್ದಾಡುತ್ತದೆ.

ಮೂರನೆಯದು ಸೆನ್ಸಿಟಿವಿಟಿ. ಹೆಚ್ಚಿಸಿದಷ್ಟೂ ಆಳ ಎಂದು ಎಲ್ಲರೂ ನಂಬುತ್ತಾರೆ. ವಿದ್ಯುತ್ ಲೈನ್ ಕೆಳಗೆ, ದನದ ಬೇಲಿಯ ಕರೆಂಟಿನ ಹತ್ತಿರ ಅದು ಹೆಚ್ಚಿದ್ದರೆ ಬರೀ ಗಲಾಟೆ. ಗಲಾಟೆ ಶುರುವಾಗುವವರೆಗೆ ಏರಿಸಿ, ಅಲ್ಲಿಂದ ಎರಡು ಮೆಟ್ಟಿಲು ಇಳಿಸುವುದು ಹಳಬರ ಪದ್ಧತಿ. ಸದ್ದು ಬಂದಾಗ ಪಕ್ಕಕ್ಕೆ ತಿರುಗಿ ನಿಂತು ಮತ್ತೆ ಬೀಸುತ್ತಾರೆ. ಎರಡೂ ದಿಕ್ಕಿನಿಂದ ಅದೇ ಸದ್ದು, ಹೆಚ್ಚುಕಡಿಮೆ ಅದೇ ಸಂಖ್ಯೆ ಬಂದರೆ ಅಗೆಯಬಹುದು. ಒಂದೇ ದಿಕ್ಕಿನಲ್ಲಿ ಬಂದು ಇನ್ನೊಂದರಲ್ಲಿ ಮಾಯವಾದರೆ ಹೆಚ್ಚಾಗಿ ಅದು ಬಾಗಿದ ಮೊಳೆ.

ಒಂದು ಭಾನುವಾರ ಅವರಿಗೆ ಸಿಕ್ಕಿದ್ದು ಉಗುರಿನಷ್ಟು ತೆಳ್ಳಗಿನ, ಅರ್ಧಚಂದ್ರದಂಥ ಬೆಳ್ಳಿಯ ಚೂರು. ಮಧ್ಯಯುಗದಲ್ಲಿ ಅಲ್ಲಿ ಚಿಲ್ಲರೆ ಬೇಕಾದಾಗ ಬೆಳ್ಳಿಯ ಪೆನ್ನಿಯನ್ನೇ ಎರಡಾಗಿ, ನಾಲ್ಕಾಗಿ ಕತ್ತರಿಸುತ್ತಿದ್ದರಂತೆ. ನನಗೆ ಆಗ ನೆನಪಾದದ್ದು ನಮ್ಮ 'ಹಣ'. ಇಂದು ನಾವು ದುಡ್ಡಿಗೆಲ್ಲ ಬಳಸುವ ಈ ಪದ ಒಂದು ಕಾಲಕ್ಕೆ ಒಂದು ಚಿನ್ನದ ನಾಣ್ಯದ ಹೆಸರು. ತೂಕ ಅರ್ಧ ಗ್ರಾಂ ಕೂಡ ಇಲ್ಲ, ಗಾತ್ರದಲ್ಲಿ ಬೇಳೆಕಾಳಿಗಿಂತ ತುಸು ದೊಡ್ಡದು. ಚಿನ್ನವಾದರೂ ಅಷ್ಟು ಚಿಕ್ಕದಾದ್ದರಿಂದ ಡಿಟೆಕ್ಟರಿನಲ್ಲಿ ಸಿಗರೇಟು ಪೊಟ್ಟಣದ ತಗಡುಹಾಳೆಯ ಹತ್ತಿರದ ಸಂಖ್ಯೆ ಬರುತ್ತದೆ. ಕಸ ಬೇಡವೆಂದ ಯಂತ್ರಕ್ಕೆ ಹಣವೂ ಕಾಣುವುದಿಲ್ಲ.

ಆ ಚೂರನ್ನು ಜೇಬಿಗೆ ಹಾಕುವ ಮೊದಲು ಅವರು ಮಾಡಿದ ಕೆಲಸ ನನಗೆ ಇನ್ನೂ ಮುಖ್ಯವೆನಿಸಿತು. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ, ಆಳ, ಒಂದು ಫೋಟೋ. ಅಲ್ಲಿ 1997ರಿಂದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆಯಿದೆ. ಸಾಮಾನ್ಯ ಜನರಿಗೆ ಸಿಕ್ಕ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಅದರಲ್ಲಿ ದಾಖಲಾಗಿವೆ. ಕಾನೂನಿನ ಲೆಕ್ಕದಲ್ಲಿ 'ನಿಧಿ' ಎನಿಸುವಂಥದ್ದು ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಲೇಬೇಕು.

ಅದೇ ಸಫೋಕ್‌ನ ಹಾಕ್ಸ್ನಿ ಎಂಬ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ರೈತನೊಬ್ಬನ ಸುತ್ತಿಗೆ ಕಳೆದಿತ್ತು. ಹುಡುಕಿಕೊಡಲು ಬಂದ ಅವನ ಗೆಳೆಯ ಎರಿಕ್ ಲಾಸ್‌ಗೆ ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಅವರು ಕೆಲವನ್ನಷ್ಟೇ ಎತ್ತಿ, ಉಳಿದದ್ದನ್ನು ಅಲ್ಲೇ ಬಿಟ್ಟು ಸುದ್ದಿ ಮುಟ್ಟಿಸಿದರು. ಪುರಾತತ್ವದವರು ಬಂದು ಪದರ ಪದರವಾಗಿ ತೆಗೆದಾಗ ಹದಿನೈದು ಸಾವಿರದಷ್ಟು ನಾಣ್ಯಗಳ ಜೊತೆಗೆ, ಅವನ್ನಿಟ್ಟಿದ್ದ ಮರದ ಪೆಟ್ಟಿಗೆಯೊಳಗೆ ಯಾವುದು ಎಲ್ಲಿತ್ತು ಎನ್ನುವುದೂ ತಿಳಿಯಿತು. ಬಹುಮಾನವಾಗಿ ಬಂದ 17.5 ಲಕ್ಷ ಪೌಂಡನ್ನು ಲಾಸ್ ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉಲ್ಟಾ ಕಥೆಯೂ ಇದೆ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಇಬ್ಬರು ತಮಗೆ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನು ಮುಚ್ಚಿಟ್ಟು ಮಾರಲು ಹೊರಟರು. ಅವರ ಫೋನಿನಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ಮತ್ತೆ ತೆಗೆದರು, 2019ರಲ್ಲಿ ಜೈಲಾಯಿತು. ಮುನ್ನೂರರಷ್ಟು ನಾಣ್ಯಗಳಿದ್ದವೆಂದು ಅಂದಾಜು. ವಾಪಸು ಬಂದದ್ದು ಮೂವತ್ತೊಂದು.

ಈಗ ನಮ್ಮೂರಿನ ಮಾತು. ಹೋದ ದೀಪಾವಳಿಗೆ ಗದಗ ಕಡೆಯ ನಮ್ಮ ಹಳ್ಳಿಯಿಂದ ದೊಡ್ಡಪ್ಪನ ಮಗನ ಫೋನು. "ತಮ್ಮಾ, ಹಿತ್ತಲದಾಗ ಮುತ್ಯಾ ಏನೋ ಹೂತಿಟ್ಟಾನ ಅಂತ ಎಲ್ಲಾರೂ ಅಂತಾರ. ನೀ ಪುಣೆದಾಗ ಐಟಿ ಒಳಗ ಇದ್ದಿ. ಒಂದು ಚಲೋ ಮಷೀನ್ ನೋಡಿ ಕಳಸು." ಜೊತೆಗೆ ಒಂದು ವಿಡಿಯೋ ಕಳಿಸಿದ್ದ. ಅರ್ಧ ಕಿಲೋಮೀಟರ್ ದೂರದಿಂದಲೇ ಬಂಗಾರ ತೋರಿಸುವ ಯಂತ್ರವಂತೆ, ಬೆಲೆ ಒಂದೂವರೆ ಲಕ್ಷವಂತೆ. ಸೋಯಾಬೀನ್ ಮಾರಿದ ದುಡ್ಡು ಅದಕ್ಕೇ ಎತ್ತಿಟ್ಟಿದ್ದ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಡಿಟೆಕ್ಟರಿನ ಕ್ಷೇತ್ರ ದೂರ ಹೋದಂತೆ ವಿಪರೀತ ಕುಗ್ಗುತ್ತದೆ. ಹೋಗುವಾಗಲೂ ಕುಗ್ಗಿ, ಬರುವಾಗಲೂ ಕುಗ್ಗುವುದರಿಂದ, ತಟ್ಟೆಯ ಅಗಲ ದಾಟಿದ ಮೇಲೆ ಆಳ ಎರಡು ಪಟ್ಟಾದರೆ ಸದ್ದು ಸುಮಾರು ಅರವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಒಳ್ಳೆಯ ಯಂತ್ರಕ್ಕೂ ಒಂಟಿ ನಾಣ್ಯ ಗೇಣು, ಗೇಣೂವರೆ ಆಳದವರೆಗೆ ಸಿಕ್ಕರೆ ಹೆಚ್ಚು. ಅರ್ಧ ಕಿಲೋಮೀಟರ್ ದೂರದ ಬಂಗಾರ ಕಂಡುಹಿಡಿಯುವ ಕೈಯಂತ್ರ ಭೌತಶಾಸ್ತ್ರದಲ್ಲಿ ಇಲ್ಲ, ಜಾಹೀರಾತಿನಲ್ಲಿ ಮಾತ್ರ ಇದೆ.

ಕಾನೂನೂ ಸ್ಪಷ್ಟ. 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪ್ರಾಚ್ಯವಸ್ತು, ದೇಶದಾಚೆ ಕಳಿಸುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಆದರೂ ನಿಧಿ ಆಸೆಗೆ ನಂದಿಯನ್ನು ಒಡೆದರು, ವೀರಗಲ್ಲು ಕಿತ್ತರು ಎಂಬ ಸುದ್ದಿ ನಮ್ಮ ಜಿಲ್ಲೆಗಳಿಂದ ಬರುತ್ತಲೇ ಇರುತ್ತದೆ.

ಅಲ್ಲಿ ಕಳೆದುಹೋಗುವುದು ಬರೀ ಕಲ್ಲಲ್ಲ. ದೆಹಲಿಯಿಂದ ಸಂಪರ್ಕ ಕ್ರಾಂತಿ ಹತ್ತಿ ನೀವು ಇಳಿಯುವ ಯಶವಂತಪುರವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ಸಿಕ್ಕ ಜಾಗ ದಾಖಲಾದ್ದರಿಂದಲೇ ರೋಮಿನ ಬೆಳ್ಳಿ ನಮ್ಮ ಒಳನಾಡಿನವರೆಗೆ ಬಂದಿತ್ತು ಎಂದು ಇವತ್ತು ಹೇಳಬಲ್ಲೆವು. ಅವೇ ನಾಣ್ಯಗಳು ಸದ್ದಿಲ್ಲದೆ ಅಕ್ಕಸಾಲಿಗನ ಮೂಸೆಗೆ ಹೋಗಿದ್ದರೆ ಒಂದಿಷ್ಟು ತೊಲ ಬೆಳ್ಳಿ, ಅಷ್ಟೆ.

ಅಣ್ಣ ಯಂತ್ರ ತರಿಸಲಿಲ್ಲ. ಆ ದುಡ್ಡಿನಲ್ಲಿ ಹಿತ್ತಲ ಗೋಡೆ ಕಟ್ಟಿಸಿದ. ನಿಧಿಯ ಮಾತು ಮಾತ್ರ ಇನ್ನೂ ಬಿಟ್ಟಿಲ್ಲ.

ನಮ್ಮಲ್ಲಿ ಬಹಳ ಜನ ಈಗ ಊರಿನ ಹಳೆಯ ಮನೆ ಕೆಡವಿಸಿ ಹೊಸದು ಕಟ್ಟಿಸುತ್ತಿದ್ದೇವೆ. ನಾವು ಇಲ್ಲಿ, ಪಾಯ ತೋಡುವವರು ಅಲ್ಲಿ. ಗುದ್ದಲಿಗೆ ಗಡಿಗೆಯೋ ನಾಣ್ಯವೋ ತಗುಲಿದರೆ ಏನು ಮಾಡಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿಡಿ. ಕೆಲಸ ನಿಲ್ಲಿಸಬೇಕು. ಇದ್ದಲ್ಲೇ ಫೋಟೋ ತೆಗೆಯಬೇಕು. ತಿಕ್ಕಿ ತೊಳೆಯಬಾರದು. ಎಷ್ಟು ಆಳದಲ್ಲಿ, ಯಾವ ಮೂಲೆಯಲ್ಲಿ ಎಂದು ಬರೆದಿಡಬೇಕು. ಅವತ್ತೇ ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸಿ, ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಕೈಯಲ್ಲಿರುವ ಮೊಬೈಲು ಸಾಕು.