ಪಹಣಿಯಲ್ಲಿ ‘ಖರಾಬು’, ನೆಲದಲ್ಲಿ ಹುಲ್ಲುಗಾವಲು

2026ನೇ ಇಸವಿಯನ್ನು ವಿಶ್ವಸಂಸ್ಥೆಯು ಹುಲ್ಲುಗಾವಲುಗಳ ಹಾಗೂ ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಇಂತಹ ಘೋಷಣೆಗಳ ಬಗ್ಗೆ ನನಗೆ ವಿಶೇಷ ಭರವಸೆಯೇನೂ ಇಲ್ಲ. ಸರ್ಕಾರಿ ಸೇವೆಯಲ್ಲಿದ್ದಾಗ ಎಷ್ಟೋ ಅಂತರರಾಷ್ಟ್ರೀಯ ವರ್ಷಗಳು ಸುತ್ತೋಲೆಯಾಗಿ ಬಂದು ಕಡತವಾಗಿ ಮಲಗಿದ್ದನ್ನು ಕಂಡವನು ನಾನು. ಆದರೆ ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೆಜಿಎಫ್ ಸೀಮೆಯ ಮಟ್ಟಿಗೆ ಈ ಘೋಷಣೆ ಸಕಾಲದಲ್ಲಿ ಬಂದಿದೆ. ಅಲ್ಲಿನ ಸಾವಿರಾರು ಎಕರೆ ಬಯಲಿನ ಭವಿಷ್ಯ ಈಗ ತೀರ್ಮಾನವಾಗುತ್ತಿದೆ, ಮತ್ತು ಆ ತೀರ್ಮಾನದ ಕಾಗದಪತ್ರಗಳಲ್ಲಿ ಹುಲ್ಲು ಎಂಬ ಪದವಾಗಲಿ ಕುರಿ ಎಂಬ ಪದವಾಗಲಿ ಕಾಣಿಸಿಕೊಳ್ಳುವ ಸಂಭವ ಕಡಿಮೆ.

ಹಿನ್ನೆಲೆ ಓದುಗರಿಗೆ ತಿಳಿದದ್ದೇ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಸುಪರ್ದಿನಲ್ಲಿದ್ದ ಸುಮಾರು ಹನ್ನೆರಡು ಸಾವಿರ ಎಕರೆ ಭೂಮಿ ಮಾತ್ರ ಉಳಿಯಿತು. ಸೈನೈಡ್ ದಿಬ್ಬಗಳಲ್ಲಿನ ಅಳಿದುಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅದರ ವ್ಯಾಪ್ತಿ ಸುಮಾರು 1,003 ಎಕರೆ. ಉಳಿದ ಜಾಗದ ದೊಡ್ಡ ಭಾಗದಲ್ಲಿ ಕೈಗಾರಿಕಾ ಟೌನ್‌ಶಿಪ್ ಕಟ್ಟುವ ಮಾತು ಹಲವು ವರ್ಷಗಳಿಂದ ನಡೆದಿದೆ. ಆ ಮಾತಿನಲ್ಲಿ ಈ ಭೂಮಿಗೆ ಸಿಗುವ ಹೆಸರು ‘ಬಳಕೆಯಾಗದ ಜಾಗ’.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಯಲಿನ ಅಂಚಿನಲ್ಲಿ ಒಂದು ಬೆಳಗ್ಗೆ ನಡೆದಾಡಿದೆ. ಕೆಂಪು ಗರಸು ನೆಲ, ನಡುನಡುವೆ ಹಾಸುಬಂಡೆ, ಅಲ್ಲಲ್ಲಿ ತಂಗಡಿ, ಬಂದರಿಕೆ, ಕವಳೆಯ ಪೊದೆ. ಉಳಿದದ್ದೆಲ್ಲ ಹುಲ್ಲು. ಪೊರಕೆಗೆ ಬಳಸುವ ಹಂಚಿಕಡ್ಡಿ ಮೊಣಕಾಲೆತ್ತರ ಬೆಳೆದಿತ್ತು. ಕುರಿ ಹಾದುಹೋದ ಕಡೆ ಮಾತ್ರ ಗರಿಕೆ ಕಂಬಳಿಯಂತೆ ನೆಲಕ್ಕಂಟಿತ್ತು. ಈ ಬಯಲಿನಲ್ಲಿ ಕೃಷ್ಣಮೃಗಗಳಿವೆ ಎಂಬುದು ಸುತ್ತಲಿನ ಹಳ್ಳಿಯವರಿಗೆ ಹೊಸ ಸಂಗತಿಯಲ್ಲ. ಅವು ಕಾಡಿನ ಪ್ರಾಣಿಗಳಲ್ಲ. ಗಿಡ್ಡ ಹುಲ್ಲು ಬೇಕು, ದೂರದವರೆಗೆ ಕಣ್ಣು ಹಾಯಬೇಕು, ಓಡಲು ಅಡ್ಡಿ ಇರಬಾರದು. ಮರ ದಟ್ಟವಾದರೆ ಅವು ಅಲ್ಲಿಂದ ಕಾಲ್ತೆಗೆಯುತ್ತವೆ.

ಹಾಗಾದರೆ ಈ ಬಯಲನ್ನು ಬಯಲಾಗಿಯೇ ಉಳಿಸಿದವರು ಯಾರು? ವರ್ಷಕ್ಕೆ ಸುಮಾರು ಏಳುನೂರು ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ನೆಲವನ್ನು ಸುಮ್ಮನೆ ಬಿಟ್ಟರೆ ಹುಲ್ಲು ಹಾಗೇ ಉಳಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಲಂಟಾನ, ಬಳ್ಳಾರಿ ಜಾಲಿ ಹಬ್ಬುತ್ತವೆ. ಕುರಿ ಎಳೆಯ ಚಿಗುರನ್ನು ನೆಲಮಟ್ಟದಲ್ಲೇ ಕತ್ತರಿಸುತ್ತದೆ, ಗೊರಸಿನಿಂದ ಒಣಹುಲ್ಲನ್ನು ಮಣ್ಣಿಗೆ ತುಳಿಯುತ್ತದೆ, ಹಿಕ್ಕೆಯ ಮೂಲಕ ಸಾರವನ್ನು ಹಿಂದಿರುಗಿಸುತ್ತದೆ. ಅದರ ಹಿಂದೆ ಒಂದು ಕಾಲಗಣನೆಯೂ ಇದೆ. ಹೊಲದಲ್ಲಿ ರಾಗಿ ಇರುವಷ್ಟು ಕಾಲ ಮಂದೆ ಬಯಲಿನಲ್ಲಿ. ಕಟಾವಾದ ಮೇಲೆ ಹೊಲದ ಕೂಳೆಯಲ್ಲಿ. ಆಗ ರೈತ ಕುರಿ ಮಂದೆ ಹಾಕಿಸಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಬಯಲಿಗೆ ಆ ತಿಂಗಳುಗಳು ವಿಶ್ರಾಂತಿ. ಯಾವ ಯೋಜನಾ ವರದಿಯೂ ಈ ಸರದಿಯನ್ನು ಗೊತ್ತುಮಾಡಿದ್ದಲ್ಲ.

ಜರ್ಮನಿಯ ಲ್ಯೂನೆಬರ್ಗ್ ಪ್ರಾಂತ್ಯದ ಕುರುಚಲು ಬಯಲಿನದೂ ಇಂಥದೇ ಕಥೆ. ಕಾಡು ಕಡಿದ ನೆಲದಲ್ಲಿ, ಹೈಡ್‌ಷ್ನುಕೆ ಎಂಬ ತಳಿಯ ಕುರಿಗಳ ಮೇಯುವಿಕೆಯಿಂದ ಶತಮಾನಗಳ ಕಾಲ ಉಳಿದುಬಂದ ಭೂದೃಶ್ಯವದು. ಕುರಿ ಕಡಿಮೆಯಾದಂತೆ ಪೈನ್, ಬರ್ಚ್ ಮರಗಳು ಏಳತೊಡಗಿದವು. ವಿಲ್ಹೆಲ್ಮ್ ಬೋಡೆ ಎಂಬ ಪಾದ್ರಿ 1906ರಲ್ಲಿ ದಾನಿಗಳ ನೆರವಿನಿಂದ ಒಂದು ಕಣಿವೆಯನ್ನು ಕೊಳ್ಳುವಲ್ಲಿಂದ ಆರಂಭವಾದ ಯತ್ನ 1921ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವಾಗಿಸಿತು. ಇಂದು ಅಲ್ಲಿ ಕುರಿಮಂದೆಗಳನ್ನು ಸಾಕುವುದೇ ಸಂರಕ್ಷಣೆಯ ಮುಖ್ಯ ಕೆಲಸಗಳಲ್ಲೊಂದು; ಕುರುಬನ ಕೆಲಸಕ್ಕೆ ಸಾರ್ವಜನಿಕ ಹಣ ಸಲ್ಲುತ್ತದೆ. ನಮ್ಮಲ್ಲಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುವವನಿಗೆ ದಂಡ ಹಾಕುವುದು ರೂಢಿ.

ಈ ಮಾತನ್ನು ಹೇಳುವ ಮೊದಲು ನನ್ನ ಪಾಲಿನ ಲೆಕ್ಕವನ್ನೂ ಒಪ್ಪಿಸಬೇಕು. ಎಂಬತ್ತರ ದಶಕದ ಕೊನೆಯಲ್ಲಿ ಕಿರಿಯ ಅಧಿಕಾರಿಯಾಗಿ ಈ ಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಜಾರಿಯಲ್ಲಿತ್ತು. ಗೋಮಾಳಗಳಲ್ಲಿ ನೀಲಗಿರಿ ನೆಡಲು ಸಮ್ಮತಿಸುವ ಟಿಪ್ಪಣಿಗಳನ್ನು ನಾನು ಒಂದಲ್ಲ, ಹಲವು ಬರೆದಿದ್ದೇನೆ. ‘ನಿರುಪಯುಕ್ತ ಖರಾಬು ಜಮೀನಾದ್ದರಿಂದ ಆಕ್ಷೇಪಣೆ ಇರುವುದಿಲ್ಲ’ ಎಂಬ ವಾಕ್ಯ ಕೈಗೆ ಅಭ್ಯಾಸವಾಗಿತ್ತು. ಬಂಗಾರಪೇಟೆಯ ಬಳಿ ವಯಸ್ಸಾದ ಕುರಿಗಾಹಿಯೊಬ್ಬರು, ‘ಸ್ವಾಮಿ, ಈ ಎಲೆಯನ್ನು ಕುರಿ ಮೂಸುವುದೂ ಇಲ್ಲ’ ಎಂದಿದ್ದರು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನನಗೆ ಮರದ ತುಂಡಿನ ಬೆಲೆ ಗೊತ್ತಿತ್ತು, ಹುಲ್ಲಿನ ಬೆಲೆ ಗೊತ್ತಿರಲಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಅಷ್ಟು ಹೊತ್ತಿಗೆ ಆ ಗೋಮಾಳಗಳು ಗೋಮಾಳಗಳಾಗಿ ಉಳಿದಿರಲಿಲ್ಲ.

ಮೇಯುವುದರಿಂದಲೇ ಬಯಲು ಬರಡಾಗುತ್ತದೆ ಎಂಬ ಆಕ್ಷೇಪ ಇದ್ದೇ ಇದೆ. ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಸಾಮೂಹಿಕ ಹುಲ್ಲುಗಾವಲನ್ನು ಹಾಳುಮಾಡುವವನು ಪಶುಪಾಲಕನೇ. ನಾವೆಲ್ಲ ಅದನ್ನು ಓದಿಯೇ ಪರೀಕ್ಷೆ ಬರೆದೆವು. ಹಾರ್ಡಿನ್ ಹೇಳಿದ್ದು ಯಾವ ಕಟ್ಟುಪಾಡೂ ಇಲ್ಲದ ನೆಲದ ಬಗ್ಗೆ. ಊರೊಂದು ತನ್ನ ನಿಯಮಗಳಿಂದ ಬಳಸುವ ನೆಲ ಬೇರೆಯೇ ಎಂಬುದನ್ನು ತೋರಿಸಿದ ಎಲಿನರ್ ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಬಂತು. ಆದರೂ ಕುರಿ ಹೆಚ್ಚಿ ಹುಲ್ಲು ಸವೆದ ಗೋಮಾಳಗಳು ಬೇಕಾದಷ್ಟಿವೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಕಾರಣ ಯಾವುದೆಂದು ಕೇಳಬೇಕು. ನೂರು ಜಾನುವಾರುಗಳಿಗೆ ಹನ್ನೆರಡು ಹೆಕ್ಟೇರ್ ಗೋಮಾಳ ಕಾದಿಡಬೇಕೆಂದು 1966ರ ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ಬಗರ್‌ಹುಕುಂ ಸಕ್ರಮದ ನಮೂನೆ 50, 53, 57ಗಳ ಒಂದೊಂದು ಸುತ್ತಿನಲ್ಲೂ ಗೋಮಾಳ ಕರಗಿತು. ಒಣಪ್ರದೇಶದ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಅಧ್ಯಯನ ಮಾಡಿದ ಎನ್.ಎಸ್. ಜೋಧಾ, ಐವತ್ತರ ದಶಕದಿಂದ ಎಂಬತ್ತರ ದಶಕದೊಳಗೆ ಸಾಮೂಹಿಕ ಭೂಮಿ ಗಣನೀಯವಾಗಿ ಕುಗ್ಗಿದ್ದನ್ನು ದಾಖಲಿಸಿದ್ದಾರೆ. ನೂರು ಎಕರೆಯಲ್ಲಿ ಮೇಯುತ್ತಿದ್ದ ಮಂದೆಯನ್ನು ನಲವತ್ತು ಎಕರೆಗೆ ತಳ್ಳಿ, ಬಳಿಕ ಕುರಿಯೇ ಅಪರಾಧಿ ಎನ್ನುವುದು ಯಾವ ನ್ಯಾಯ?

ಬೇಲಿ ಹಾಕಿ ಕುರಿಯನ್ನು ಹೊರಗಿಡುವುದೂ ಪರಿಹಾರವಲ್ಲ. ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ಮೇಯುವುದನ್ನು ನಿಷೇಧಿಸಿದಾಗ ಪ್ರತಿಭಟನೆಯಾಯಿತು, ಗೋಲಿಬಾರ್ ಆಗಿ ಜೀವಹಾನಿಯೂ ಆಯಿತು. ಬಳಿಕ ಎಮ್ಮೆಗಳಿಲ್ಲದ ಜೌಗಿನಲ್ಲಿ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು. ಎಮ್ಮೆಗಳು ಹಕ್ಕಿಗಳಿಗೆ ಉಪಕಾರವನ್ನೇ ಮಾಡುತ್ತಿದ್ದವೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಕಂಡುಕೊಂಡಿತು. ಅದು ಜೌಗು, ಇದು ಒಣಬಯಲು, ನಿಜ. ಆದರೆ ಮೇಯುವ ಬಾಯಿಗಳೊಡನೆ ಬೆಳೆದುಬಂದ ನೆಲದಿಂದ ಆ ಬಾಯಿಗಳನ್ನು ಏಕಾಏಕಿ ಕಿತ್ತರೆ ನೆಲವೇ ಬೇರೆಯಾಗುತ್ತದೆ ಎಂಬ ಪಾಠ ಎರಡಕ್ಕೂ ಸಲ್ಲುತ್ತದೆ. 2025ರ ಜುಲೈನಲ್ಲಿ ನಮ್ಮ ಅರಣ್ಯ ಸಚಿವರು ಕಾಡುಗಳಲ್ಲಿ ಸಾಕುಪ್ರಾಣಿಗಳನ್ನು ಮೇಯಿಸುವುದಕ್ಕೆ ತಡೆ ಹಾಕಲು ಸೂಚಿಸಿದ್ದರು. ಹುಲಿಗಳ ಕಾಡಿಗೆ ಅದರಲ್ಲಿ ಅರ್ಥವಿರಬಹುದು. ಹುಲ್ಲಿನ ಬಯಲಿಗೂ ಅದೇ ಅಳತೆಗೋಲನ್ನು ಹಿಡಿದರೆ ತಪ್ಪಾಗುತ್ತದೆ.

ಕೆಜಿಎಫ್‌ಗೆ ಕೈಗಾರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಗಣಿ ಮುಚ್ಚಿದಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆ ನಿಲ್ದಾಣಗಳಲ್ಲಿ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುವ ಜನರನ್ನು ನೋಡಿದವರು ಯಾರೂ ಹಾಗೆ ಹೇಳಲಾರರು. ಗಣಿ, ಕಾರ್ಯಾಗಾರ, ಕಾಲೊನಿಗಳಿಂದ ಈಗಾಗಲೇ ಕೆಟ್ಟಿರುವ ನೆಲ ಅಲ್ಲಿ ಸಾಕಷ್ಟಿದೆ. ಕಾರ್ಖಾನೆಗಳು ಮೊದಲು ಅಲ್ಲಿಗೆ ಬರಲಿ. ಎಂದೂ ಅಗೆಯದ ಹುಲ್ಲಿನ ಬಯಲನ್ನು ಬೇರ್ಪಡಿಸಿ ಗುರುತಿಸಲು ಒಂದು ಜಂಟಿ ಸರ್ವೆ ಸಾಕು.

ಗುರುತಿಸಿದ ಮೇಲೆ ಕಾನೂನಿನ ದಾರಿಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿದ 36ಎ ವಿಧಿಯ ಪ್ರಕಾರ ಸರ್ಕಾರಿ ಭೂಮಿಯನ್ನು, ಸ್ಥಳೀಯರೊಡನೆ ಸಮಾಲೋಚಿಸಿ, ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು. ಅಭಯಾರಣ್ಯದಲ್ಲಿ ಆಗುವಂತೆ ಜನರ ಹಕ್ಕುಗಳು ಅಲ್ಲಿ ರದ್ದಾಗುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುಮಾರು 798 ಎಕರೆ ಬಯಲು 2007ರಲ್ಲಿ ಹೀಗೆಯೇ ಜಯಮಂಗಲಿ ಕೃಷ್ಣಮೃಗ ಮೀಸಲಾಯಿತು. ಹೆಸರಘಟ್ಟದ ಐದು ಸಾವಿರಕ್ಕೂ ಹೆಚ್ಚು ಎಕರೆ ಹುಲ್ಲುಗಾವಲಿನ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿ, 2024ರಲ್ಲಿ ಒಪ್ಪಿತು. ಹೆಸರಘಟ್ಟದ ಪರವಾಗಿ ನಗರದ ಪಕ್ಷಿವೀಕ್ಷಕರು ವರ್ಷಗಟ್ಟಲೆ ದನಿಯೆತ್ತಿದರು. ಕೆಜಿಎಫ್ ಬಯಲು ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದಲ್ಲಿದೆ, ಭಾನುವಾರದ ಕ್ಯಾಮೆರಾಗಳು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ.

ಮೀಸಲಿನ ನಿರ್ವಹಣೆಗೆ ಕಾಯ್ದೆಯ 36ಬಿ ವಿಧಿ ಒಂದು ಸಮಿತಿಯನ್ನು ಹೇಳುತ್ತದೆ. ಅದರಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು. ಆ ಸ್ಥಾನಕ್ಕೆ ಮಂದೆ ಇರುವವರನ್ನೇ ಪಂಚಾಯಿತಿ ಕಳುಹಿಸಲು ಅಡ್ಡಿಯೇನಿಲ್ಲ. ಯಾವ ತಿಂಗಳು ಎಷ್ಟು ಕುರಿ, ಯಾವ ಭಾಗಕ್ಕೆ ಯಾವ ವರ್ಷ ವಿಶ್ರಾಂತಿ, ಸೈನೈಡ್ ದಿಬ್ಬಗಳ ದೂಳು ಬೀಳುವ ಯಾವ ಜಾಗದಲ್ಲಿ ಮೇಯಿಸಲೇಬಾರದು ಎಂಬುದನ್ನು ಅವರೊಡನೆ ಕುಳಿತೇ ಬರೆಯಬೇಕು. ಆ ಸರ್ವೆಗೆ ಹೊರಡುವ ತಂಡ ದಯವಿಟ್ಟು ಬೇಸಿಗೆಯಲ್ಲಿ ಹೋಗದಿರಲಿ. ಏಪ್ರಿಲ್‌ನಲ್ಲಿ ಆ ನೆಲ ಯಾರ ಕಣ್ಣಿಗೂ ಖರಾಬಾಗಿಯೇ ಕಾಣುತ್ತದೆ. ನಾನು ನನ್ನ ಟಿಪ್ಪಣಿಗಳನ್ನು ಬರೆದದ್ದು ಏಪ್ರಿಲ್‌ನಲ್ಲಿ. ಅಕ್ಟೋಬರ್‌ನಲ್ಲಿ, ಮಂದೆ ಬಯಲಿನಲ್ಲಿರುವಾಗ ಹೋಗಲಿ.