ಡಾಕ್ಟರಲ್ಲದ ಡಾಕ್ಟರು

ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸಿರುಗುಪ್ಪದ ಸೀಮೆಯಲ್ಲಿ, ದೇಶನೂರಿನಂಥ ಊರಿನಲ್ಲಿ, ವಿಜ್ಞಾನದಲ್ಲಿ ಜಾಣೆಯಾದ ಹುಡುಗಿಯೊಬ್ಬಳಿದ್ದರೆ ಹಿರಿಯರ ಬಯಕೆ ಒಂದೇ: ಅವಳು ವೈದ್ಯೆಯಾಗಬೇಕು. ಬೆಂಗಳೂರಿನ ಬಡಾವಣೆಗಳಲ್ಲಿಯೂ ಮಾತು ಬೇರೆಯಿಲ್ಲ. ಆಕೆ ಕ್ಯಾನ್ಸರಿನ ಸಂಶೋಧನೆಗೆ ಹೋಗುವೆನೆಂದರೆ, “ಅದರಿಂದ ಯಾವ ರೋಗಿ ಬದುಕಿಯಾನು?” ಎಂದು ಕೇಳುತ್ತಾರೆ. ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಉತ್ತರಕ್ಕಾಗಿ, ಆ ದಾರಿಯಲ್ಲಿ ನಡೆದ ಕನ್ನಡನಾಡಿನ ಒಬ್ಬರ ಬಾಳನ್ನು ನೋಡೋಣ.

ಎಂ. ಆರ್. ಸತ್ಯನಾರಾಯಣ ರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಜನಿಸಿದರು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಾಕ್ಟರೇಟ್ ಪಡೆದು, ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಕಾಲ ದುಡಿದು, ಮರಳಿ ಬಂದು ತಾವು ಕಲಿತ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು.

ಅವರು ಹಿಡಿದ ಪ್ರಶ್ನೆಗೂ ಆಸ್ಪತ್ರೆಗೂ ಮೇಲ್ನೋಟಕ್ಕೆ ನಂಟೇ ಇರಲಿಲ್ಲ. ನಮ್ಮ ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಎಳೆಯುಂಟು. ಕಣ್ಣಿಗೆ ಕಾಣದಷ್ಟು ಕಿರಿದಾದ ಕೋಶಕೇಂದ್ರದಲ್ಲಿ ಅದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ, ಉರುಳೆಯ ಮೇಲಿನ ನೂಲಿನಂತೆ, ಸುತ್ತಿಕೊಂಡಿರುತ್ತದೆ. ವೀರ್ಯಾಣು ರೂಪುಗೊಳ್ಳುವಾಗ ಈ ಹಿಸ್ಟೋನುಗಳಲ್ಲಿ ಬಹುಪಾಲು ತೆರಳಿ, ಬೇರೆ ಪ್ರೋಟೀನುಗಳು ಬಂದು ಎಳೆಯನ್ನು ಇನ್ನೂ ಬಿಗಿಯಾಗಿ ಅಡಕುತ್ತವೆ. ಈ ಮಾರ್ಪಾಟು ಹೇಗೆ ನಡೆಯುವುದೆಂಬುದನ್ನು ರಾಯರು ದಶಕಗಳ ಕಾಲ ಅಭ್ಯಸಿಸಿದರು.

ಈ ಸುತ್ತಿನ ಮರ್ಮ ಕ್ಯಾನ್ಸರಿಗೂ ಸಂಬಂಧಿಸಿದ್ದು. ದೇಹದ ಕೋಶಗಳಿಗೆಲ್ಲ ಗ್ರಂಥ ಒಂದೇ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದರಲ್ಲಿ ಸುತ್ತಿನ ಬಿಗಿಗೂ ಪಾಲುಂಟು. ಕ್ಯಾನ್ಸರಿನಲ್ಲಿ ಗ್ರಂಥದ ಅಕ್ಷರಗಳೂ ಕೆಡುತ್ತವೆ. ಕೋಶದ ಬೆಳವಣಿಗೆಗೆ ತಡೆಯೊಡ್ಡುವ ಪುಟ ಮುಚ್ಚಿಹೋಗುವುದೂ ಉಂಟು.

ಮುಂದೆ ರಾಯರು ಗ್ಲಯೋಮ ಎಂಬ ಮಿದುಳಿನ ಗೆಡ್ಡೆಯ ಅಧ್ಯಯನಕ್ಕೆ ಕೈಹಾಕಿದರು. ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರೂ ನಿಮ್ಹಾನ್ಸ್‌ನ ವೈದ್ಯರೂ ಜೊತೆಗೂಡಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ತುಣುಕುಗಳಲ್ಲಿ ಯಾವ ಜೀನುಗಳು ಅತಿಯಾಗಿ ದುಡಿಯುತ್ತಿವೆ, ಯಾವುವು ಸುಮ್ಮನಿವೆ ಎಂದು ಪರೀಕ್ಷಿಸಿ, ರೋಗದ ಉಗ್ರತೆಯನ್ನು ಸೂಚಿಸಬಲ್ಲ ಗುರುತುಗಳನ್ನು ಅರಸಿದರು. ಯಾವ ರೋಗಿಗೆ ಅಪಾಯ ಹೆಚ್ಚೆಂಬುದು ತಿಳಿದರೆ ವೈದ್ಯರ ನಿರ್ಧಾರಕ್ಕೆ ಅದು ಆಧಾರವಾಗುತ್ತದೆ.

2003ರಿಂದ 2013ರವರೆಗೆ ರಾಯರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. 2010ರಲ್ಲಿ ಪದ್ಮಶ್ರೀ ಸಂದಿತು. 2023ರ ಆಗಸ್ಟ್ 13ರಂದು ಅವರು ತೀರಿಕೊಂಡರು.

ಗ್ಲಯೋಮಗಳಲ್ಲಿ ಅತ್ಯಂತ ಉಗ್ರವಾದುದನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಹಾಗೆಂದು ಆ ಶ್ರಮ ವ್ಯರ್ಥವೆನ್ನಲಾದೀತೆ? ವೈದ್ಯನು ಎದುರಿಗಿರುವ ರೋಗಿಯ ನಾಡಿ ಹಿಡಿಯುತ್ತಾನೆ. ಸಂಶೋಧಕನು ತಾನೆಂದೂ ಕಾಣದ ರೋಗಿಗಾಗಿ ದುಡಿಯುತ್ತಾನೆ. ಇಬ್ಬರಲ್ಲಿ ಒಬ್ಬನಿಲ್ಲದಿದ್ದರೂ ಚಿಕಿತ್ಸೆ ಮುಂದೆ ಸಾಗದು.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ವೈದ್ಯಕೀಯ ಸೀಟು ದೊರೆಯದವರಿಗೆ ಉಳಿದ ದಾರಿಯೆಂದು ಸಂಶೋಧನೆಯನ್ನು ಎಣಿಸಬೇಡಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಫೆಲೋಷಿಪ್ ಗಳಿಸಿದವರಿಗೆ ಪಿಎಚ್.ಡಿ. ಕಾಲದಲ್ಲಿ ತಿಂಗಳು ತಿಂಗಳು ಹಣವೂ ದೊರೆಯುತ್ತದೆ. ಅವರು ನಿಮ್ಮಿಂದ ಬೇಡುವುದು ಹೆಚ್ಚಾಗಿ ತಾಳ್ಮೆಯನ್ನು. ಮಗಳು ಐದಾರು ವರ್ಷ ಕೊಡಿರೆಂದು ಕೇಳಿದರೆ, ಇಲ್ಲವೆನ್ನುವ ಮುನ್ನ ಅವಳ ಪ್ರಶ್ನೆ ಯಾವುದೆಂದಾದರೂ ಕೇಳಿ.