ಇಷ್ಟು ತುಳಿದ್ರೂ ಸುರಪುರ ಬರವಲ್ದಲ್ಲೋ!

ಬೆಂಗಳೂರಲ್ಲಿ ಕೂತು ಊರಲ್ಲಿರೋ ಅಪ್ಪ-ಅವ್ವನಿಗೆ ಈಗ ಏನು ಬೇಕಾದರೂ ಕಳಿಸಬಹುದು. ಬಿಪಿ ನೋಡೋ ಮಷಿನ್, ಶುಗರ್ ನೋಡೋ ಮಷಿನ್, ಮೊಣಕಾಲಿಗೆ ಹಾಕೋ ಪಟ್ಟಿ. ಮೊಬೈಲ್ ಮೇಲೆ ಎರಡು ಸಲ ಬೆರಳು ಒತ್ತಿದರೆ ಮುಗೀತು. ಆರು ತಿಂಗಳು ಬಿಟ್ಟು ಊರಿಗೆ ಹೋದಾಗ ಅವೆಲ್ಲ ಎಲ್ಲಿರ್ತವೆ ಅಂತ ನಿಮಗೂ ಗೊತ್ತು: ಡಬ್ಬಿ ಸಮೇತ ಅಟ್ಟದ ಮೇಲೆ. ವ್ಯಾಯಾಮದ ಸೈಕಲ್ ಆದರೆ ಅಟ್ಟಕ್ಕೆ ಏರೋದಿಲ್ಲ, ಅದರ ಮೇಲೆ ಟವೆಲ್ ಒಣಗ್ತಿರುತ್ತದೆ.

ಈ ವಾರ ಅಂಥದೇ ಒಂದು ಸೈಕಲ್ ಬಗ್ಗೆ ಬರೀತಿದ್ದೀನಿ. ಅದು ಇರೋದು ನಾರಾಯಣಪುರದ ನಮ್ಮ ಮನೆಯ ಪಡಸಾಲೆಯಲ್ಲಿ. ಯಾದಗಿರಿ ಜಿಲ್ಲೆಯ ಆ ಊರು ಗೊತ್ತಿಲ್ಲದವರಿಗೂ ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರ ಜಲಾಶಯದ ಹೆಸರು ಗೊತ್ತಿರುತ್ತದೆ. ಎಡದಂಡೆ ಕಾಲುವೆಯ ಮಗ್ಗುಲಲ್ಲೇ ನಮ್ಮ ಹೊಲ. ಅಪ್ಪನಿಗೆ ಈಗ 64. ಒಂಬತ್ತು ವರ್ಷದಿಂದ ಶುಗರ್, ಎರಡು ವರ್ಷದಿಂದ ಎರಡೂ ಮೊಣಕಾಲು ಸವೆತ. ಹೊಲಕ್ಕೆ ಹೋಗೋದು ಮೊದಲು ನಿಂತಿತು, ಆಮೇಲೆ ಚಹಾದಂಗಡಿಗೆ ಹೋಗೋದು ನಿಂತಿತು. ಕಡೆಗೆ ಮಂಚ, ಕುರ್ಚಿ, ಟಿವಿ ಇಷ್ಟೇ ಉಳಿದವು. ಕೂತಷ್ಟೂ ಶುಗರ್ ಏರುತ್ತದೆ, ತೂಕ ಏರುತ್ತದೆ. ತೂಕ ಏರಿದಷ್ಟೂ ಮೊಣಕಾಲು ನೋಯುತ್ತದೆ. ನೋವು ಅಂತ ಮತ್ತೆ ಕೂರೋದು. ಪ್ರೋಗ್ರಾಂ ಬರೆಯೋರು ಇದಕ್ಕೆ ಇನ್ಫಿನಿಟ್ ಲೂಪ್ ಅಂತೀವಿ. ಎಲ್ಲಾದರೂ ಒಂದು ಕಡೆ ಮುರೀಲೇಬೇಕು.

ಡಾಕ್ಟರು ಹೇಳಿದ್ದು ಇಷ್ಟೇ: "ಮೊಣಕಾಲಿನ ಮೇಲೆ ಮೈಭಾರ ಬೀಳದ ಹಾಗೆ ಕಾಲು ಆಡಿಸಬೇಕು. ಒರಗಿ ಕೂತು ತುಳಿಯೋ ಸೈಕಲ್ ಆದರೆ ಒಳ್ಳೇದು." ಅಂದರೆ ರಿಕಂಬೆಂಟ್ ಬೈಕ್.

ಇದೇ ಯಾಕೆ?

ಜಿಮ್‌ನಲ್ಲಿರೋ ಸಾಮಾನ್ಯ ಸೈಕಲ್‌ನಲ್ಲಿ ಸೀಟು ಎತ್ತರ, ಕೂರೋ ಜಾಗ ಕಿರಿದು, ಹತ್ತೋಕೆ ಕಾಲು ಎತ್ತಿ ದಾಟಿಸಬೇಕು. ರಿಕಂಬೆಂಟ್ ಅಂದರೆ ಹೆಚ್ಚು ಕಡಿಮೆ ಕುರ್ಚಿ. ಅಗಲ ಸೀಟು, ಬೆನ್ನಿಗೆ ಆಸರೆ, ಪೆಡಲ್ ಕಾಲ ಮುಂದೆ. ಬ್ಯಾಲೆನ್ಸ್ ತಪ್ಪಿ ಬೀಳೋ ಭಯ ಕಡಿಮೆ. ಸೊಂಟನೋವು ಇದ್ದವರಿಗೂ ಹಿತ.

ಕೂತು ತುಳಿಯೋದು ಸೋಮಾರಿಗಳ ಆಟ ಅಂದ್ಕೋಬೇಡಿ. ಫ್ರಾನ್ಸಿನ ಚಾರ್ಲ್ಸ್ ಮೋಶೆ ಮಾಡಿದ ಇಂಥ ಒರಗು ಸೈಕಲ್ ಮೇಲೆ ಫ್ರಾನ್ಸಿಸ್ ಫೋರ್ ಅನ್ನೋ ಸವಾರ 1933ರಲ್ಲಿ ಒಂದೇ ಗಂಟೆಯಲ್ಲಿ 45 ಕಿ.ಮೀ. ದಾಟಿ, ಸುಮಾರು 20 ವರ್ಷ ಹಳೆಯ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಮಾದರಿಯನ್ನು ರೇಸ್‌ಗಳಿಂದ ಹೊರಗಿಟ್ಟಿತು.

ನಮ್ಮೂರಿಗೆ ಹೊಂದೋ ಕಾರಣ ಇನ್ನೆರಡಿವೆ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಒಂಬತ್ತರ ಮೇಲೆ ವಾಕಿಂಗ್ ಅನ್ನೋ ಮಾತೇ ಇಲ್ಲ. ಎರಡನೆಯದು ಕರೆಂಟು. ಟ್ರೆಡ್‌ಮಿಲ್‌ಗೆ ಕರೆಂಟ್ ಬೇಕೇ ಬೇಕು. ಮನೆ ಬಳಕೆಯ ಮ್ಯಾಗ್ನೆಟಿಕ್ ಸೈಕಲ್‌ಗೆ ಸಾಮಾನ್ಯವಾಗಿ ಬೇಡ. ಒಳಗೆ ತಿರುಗೋ ಭಾರದ ಚಕ್ರದ ಹತ್ತಿರ ಅಯಸ್ಕಾಂತ ಇರುತ್ತದೆ. ನಾಬ್ ತಿರುಗಿಸಿದರೆ ಅದು ಚಕ್ರಕ್ಕೆ ಹತ್ತಿರ ಬರುತ್ತದೆ, ತುಳಿಯೋದು ಬಿಗಿಯಾಗುತ್ತದೆ. ಮುಟ್ಟದೆಯೇ ಬ್ರೇಕ್ ಹಾಕಿದ ಹಾಗೆ. ಪುಟ್ಟ ಡಿಸ್‌ಪ್ಲೇಗೆ ಎರಡು ಸೆಲ್ ಸಾಕು.

ಜೋಡಿಸೋ ಕೆಲಸ

ಡಬ್ಬಿ ಭಾರ ಇರುತ್ತದೆ, ಒಬ್ಬರೇ ಎತ್ತಬೇಡಿ. ನಾನು ಪಕ್ಕದ ಮನೆ ಹುಡುಗನನ್ನ ಕರೆದೆ. ಜಮಖಾನ ಹಾಸಿ ಎಲ್ಲಾ ಭಾಗ ಹರವಿಕೊಂಡೆವು. ನಟ್, ಬೋಲ್ಟ್, ವಾಷರ್‌ಗಳನ್ನ ಅವ್ವ ಒಂದು ತಾಟಿನಲ್ಲಿ ಹಾಕಿಕೊಟ್ಟಳು. ಮ್ಯಾನುವಲ್ ಪಟ್ಟಿ ನೋಡಿ ಎಣಿಸಿ. ಕೊನೆಗೆ ಒಂದು ವಾಷರ್ ಇಲ್ಲ ಅಂತ ಗೊತ್ತಾಗೋದಕ್ಕಿಂತ ಮೊದಲೇ ಗೊತ್ತಾಗಲಿ.

ಕ್ರಮ ಸರಳ. ಮೊದಲು ಮುಂದಿನ, ಹಿಂದಿನ ಅಡ್ಡಪಟ್ಟಿ ಹಾಕಿ ಗಾಡಿಯನ್ನ ನೆಲದ ಮೇಲೆ ನಿಲ್ಲಿಸಿ. ಆಮೇಲೆ ಸೀಟಿನ ಪಟ್ಟಿ, ಸೀಟು, ಬೆನ್ನೊರಗು, ಹಿಡಿಕೆಗಳು, ಡಿಸ್‌ಪ್ಲೇ ಕಂಬ, ಕೊನೆಗೆ ಪೆಡಲ್. ಮೂರು ಮಾತು ನೆನಪಿಡಿ.

ಒಂದು, ಪ್ರತಿ ಭಾಗದ ಎಲ್ಲಾ ಬೋಲ್ಟ್‌ಗಳನ್ನ ಮೊದಲು ಕೈಯಲ್ಲೇ ಸಡಿಲವಾಗಿ ಕೂರಿಸಿ. ಎಲ್ಲಾ ತೂತಿಗೆ ಕೂತ ಮೇಲೆ ಪಾನಾ ಹಾಕಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಉಳಿದವು ತೂತಿಗೆ ಹೊಂದೋದಿಲ್ಲ.

ಎರಡು, ಕಂಬದೊಳಗಿನ ಸೆನ್ಸರ್ ವೈರ್. ಕಂಬ ಕೂರಿಸೋ ಮೊದಲು ವೈರ್ ಜೋಡಿಸಿ, ಅದು ಅಂಚಿನಲ್ಲಿ ಸಿಕ್ಕಿ ಚಪ್ಪಟೆ ಆಗದ ಹಾಗೆ ನೋಡ್ಕೊಳ್ಳಿ. ಹೊಸ ಡಿಸ್‌ಪ್ಲೇ ಸೊನ್ನೆ ತೋರಿಸ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಮೂರು, ಎಡ ಪೆಡಲ್. ಇದು ಉಲ್ಟಾ ತಿರುವಿನದು. ಬಲ ಪೆಡಲ್ ಗಡಿಯಾರದ ದಿಕ್ಕಿಗೆ ಬಿಗಿಯಾದರೆ ಎಡದ್ದು ಅದರ ವಿರುದ್ಧ ದಿಕ್ಕಿಗೆ. ತುಳೀತಾ ತುಳೀತಾ ತಾನೇ ಬಿಚ್ಚಿಕೊಳ್ಳಬಾರದು ಅಂತ ಈ ವ್ಯವಸ್ಥೆ. ವಿಮಾನ ಹಾರಿಸೋಕೆ ಮುಂಚೆ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1900ರಲ್ಲಿ ಬಿಚ್ಚಿಕೊಳ್ಳದ ಪೆಡಲ್ ಅಂತ ಪ್ರಚಾರ ಮಾಡಿದ್ದು ಇದನ್ನೇ. ಪೆಡಲ್ ಮೇಲೆ ಎಡ, ಬಲದ ಗುರುತು ಇರುತ್ತದೆ. ಎರಡು ಸುತ್ತು ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ನಿಲ್ಲಿಸಿ. ಬಲ ಹಾಕಿದರೆ ಒಳಗಿನ ತಿರುವೇ ಹಾಳು.

ನಮ್ಮ ಮನೆ ನೆಲ ಶಹಾಬಾದಿ ಫರಸಿ. ಒಂದು ಕಲ್ಲು ಏರು, ಒಂದು ಕಲ್ಲು ಇಳಿ. ಅಡ್ಡಪಟ್ಟಿಯ ತುದಿಯಲ್ಲಿರೋ ಬಿಲ್ಲೆ ತಿರುಗಿಸಿ ಗಾಡಿ ಅಲುಗದ ಹಾಗೆ ಮಾಡಿ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಸುತ್ತ ಎರಡಡಿ ಜಾಗ ಬಿಡಿ. ಒಂದು ವಾರ ಬಳಸಿದ ಮೇಲೆ ಎಲ್ಲಾ ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿ.

ಒಂದೂವರೆ ಗಂಟೆಯಲ್ಲಿ ಗಾಡಿ ನಿಂತಿತು. ಅಪ್ಪ ಕುರ್ಚಿಯಿಂದಲೇ ಕೇಳಿದ, "ಎಷ್ಟು ಕೊಟ್ಟಿ ಇದಕ್ಕ?" ಹೇಳಿದೆ. "ಅಷ್ಟ ರೊಕ್ಕಕ್ಕ ಎರಡು ಆಡು ಬರ್ತಿದ್ವಲ್ಲೋ ತಮ್ಮಾ!"

ಗಾಡಿ ನಿಂತರೆ ಕೆಲಸ ಮುಗಿಯೋದಿಲ್ಲ

ಮ್ಯಾನುವಲ್ ಇಲ್ಲಿಗೆ ಮುಗಿಯುತ್ತದೆ. ಗಾಡಿಯನ್ನ ಮನುಷ್ಯನಿಗೆ ಜೋಡಿಸೋ ಕೆಲಸ ಇಲ್ಲಿಂದ ಶುರು. ಅದಕ್ಕೆ ಎರಡು ದಿನ ಬೇಕಾಯಿತು.

ಮೊದಲು ಸೀಟಿನ ದೂರ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಒರಗಿ ಕೂತು, ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಅದನ್ನ ದೂರಕ್ಕೆ ತಳ್ಳಿದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಅಳತೆ. ಸೀಟು ತೀರಾ ಹತ್ತಿರ ಇದ್ದರೆ ಮೊಣಚಿಪ್ಪಿಗೆ ಒತ್ತಡ, ತೀರಾ ದೂರ ಇದ್ದರೆ ಸೊಂಟ ಜಾರುತ್ತದೆ. ಅಪ್ಪನ ಅಳತೆ ಸಿಕ್ಕ ತೂತಿಗೆ ಕೆಂಪು ಟೇಪ್ ಸುತ್ತಿದೆ. ಓಣಿ ಹುಡುಗರು ಬಂದು ಸೀಟು ಎಳೆದಾಡಿದರೂ ಅವ್ವ ವಾಪಸ್ ಅಲ್ಲಿಗೇ ತರಬಹುದು.

ಹತ್ತೋದು, ಇಳಿಯೋದನ್ನ ನಾಲ್ಕೈದು ಸಲ ಮಾಡಿಸಿದೆ. ಪಕ್ಕಕ್ಕೆ ನಿಂತು, ಹಿಡಿಕೆ ಹಿಡಿದು, ಮೊದಲು ಕೂರಬೇಕು, ಆಮೇಲೆ ಕಾಲು ಇಡಬೇಕು. ಪೆಡಲ್ ತಿರುಗೋ ವಸ್ತು, ಅದನ್ನ ಮೆಟ್ಟಿಲು ಅಂತ ತುಳಿಯಬಾರದು. ಇಳಿಯುವಾಗ ಪೆಡಲ್ ಪೂರ್ತಿ ನಿಲ್ಲಲಿ.

ಅಪ್ಪ ಉಡೋದು ಧೋತರ. ಕಚ್ಚೆ ತುದಿ ಪೆಡಲ್‌ಗೆ ಸಿಗೋದು ಖಾತ್ರಿ. "ಪೈಜಾಮ ಹಾಕ್ಕೊಳ್ಳಪ್ಪಾ" ಅಂದರೆ ಒಂದು ದಿನ ಗೊಣಗಿದ, ಮರುದಿನ ಹಾಕ್ಕೊಂಡ. ಅವ್ವ ತುಳಿಯೋದಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಎತ್ತಿ ಕಟ್ಟಬೇಕು. ಚೂಡಿದಾರ ಆದರೆ ಇನ್ನೂ ಒಳ್ಳೇದು. ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆ ಇರಬಹುದು, ಗಾಯ ಆದರೂ ಗೊತ್ತಾಗೋದಿಲ್ಲ. ಅದಕ್ಕೇ ಬರಿಗಾಲು ಬೇಡ, ಬೂಟು ಹಾಕಲಿ, ಮುಗಿದ ಮೇಲೆ ಪಾದ ನೋಡ್ಕೊಳ್ಳಲಿ. ಯಾರಾದರೂ ತುಳೀತಿರುವಾಗ ಸಣ್ಣ ಮಕ್ಕಳು ಹತ್ತಿರ ಸುಳಿಯಬಾರದು.

ಇನ್ನು ಎಷ್ಟು ತುಳಿಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ. ಅದು ತಲುಪಬೇಕಾದ ಊರು, ಮೊದಲ ದಿನದ ಲೆಕ್ಕ ಅಲ್ಲ. ನಾವು ಶುರು ಮಾಡಿದ್ದು ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ, ಅತಿ ಹಗುರ ಬಿಗಿಯಲ್ಲಿ. ನಾನು ಲೆವೆಲ್, ಪ್ರೋಗ್ರೆಸ್ ಅಂತ ಏನೇನೋ ವಿವರಿಸ್ತಿದ್ದೆ. ಅಪ್ಪ ಒಂದೇ ಮಾತಲ್ಲಿ ಮುಗಿಸಿದ: "ಡ್ಯಾಮಿನ ಗೇಟ್ ಎಲ್ಲಾ ಒಮ್ಮೆಲೇ ತೆಗೀತಾರೇನು? ಮೊದಲ ಸ್ವಲ್ಪ ಬಿಡ್ತಾರ, ಆಮ್ಯಾಲ ನೋಡಿ ಹೆಚ್ಚು ಮಾಡ್ತಾರ. ತಿಳೀತು ಬಿಡು." ನಾಲ್ಕನೇ ವಾರಕ್ಕೆ ಹದಿನೈದು ನಿಮಿಷದ ಎರಡು ಸರತಿ ಆಯಿತು.

ಶ್ರಮ ಅಳೆಯೋಕೆ ಡಿಸ್‌ಪ್ಲೇ ಮೇಲಿನ ಕ್ಯಾಲೊರಿ, ಹಿಡಿಕೆ ತೋರಿಸೋ ನಾಡಿಬಡಿತ ಎರಡನ್ನೂ ಪೂರ್ತಿ ನಂಬಬೇಡಿ, ಅವು ಅಂದಾಜು. ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ನಾಡಿಬಡಿತ ಏರೋದೇ ಕಡಿಮೆ. ಇದಕ್ಕಿಂತ ಸುಲಭದ ಪರೀಕ್ಷೆ ಮಾತು. ತುಳೀತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮಾತೇ ತುಂಡಾದರೆ ಬಿಗಿ ಇಳಿಸಿ. ತುಳಿದ ನೋವು ಮರುದಿನವೂ ಇದ್ದರೆ, ಮೊಣಕಾಲು ಊದಿದರೆ, ಸಮಯ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಿ. ಎದೆನೋವು, ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡೋ ನೋವು, ತಣ್ಣನೆ ಬೆವರು ಬಂದರೆ ತಕ್ಷಣ ನಿಲ್ಲಿಸಿ 108ಕ್ಕೆ ಫೋನ್. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿಸ್ತಾ ಕೂರಬೇಡಿ. ಹೃದಯದ ತೊಂದರೆ ಮೊದಲೇ ಇದ್ದವರು ಡಾಕ್ಟರನ್ನ ಕೇಳದೆ ಶುರು ಮಾಡಲೇಬಾರದು.

ಅವ್ವನ ಫೋನು

ಮೂರನೇ ವಾರ ಒಂದು ಸಂಜೆ ಅವ್ವನ ಫೋನ್ ಬಂತು. ಆ ದಿನ ಮಧ್ಯಾಹ್ನ ಅಪ್ಪ ಅರ್ಧ ರೊಟ್ಟಿ ತಿಂದು ಎದ್ದಿದ್ದ. ಸಂಜೆ ತುಳಿಯುವಾಗ ಕೈ ನಡುಗಿ, ಮೈಯೆಲ್ಲಾ ಬೆವರಿತ್ತು. ಮಷಿನ್‌ನಲ್ಲಿ ಶುಗರ್ 68. "ಮೂರು ಚಮಚ ಸಕ್ರಿ ನೀರಾಗ ಕಲಿಸಿ ಕುಡಿಸೀನಿ. ಹದಿನೈದು ನಿಮಿಷ ಬಿಟ್ಟು ಮತ್ತ ನೋಡಿದ್ನಿ, 94 ಆಗೇದ. ಈಗ ಉಣ್ಣಾಕತ್ತಾನ" ಅಂದಳು. ಅವಳ ದನಿ ನಡುಗ್ತಿರಲಿಲ್ಲ, ನನ್ನ ಕೈ ನಡುಗ್ತಿತ್ತು. 500 ಕಿ.ಮೀ. ಆಚೆಯಿಂದ ನಾನು ಏನು ಮಾಡೋಕಾಗ್ತಿತ್ತು? ಊರಲ್ಲಿದ್ದ ಆ ಎರಡು ದಿನದಲ್ಲಿ ಅವ್ವ ಇದನ್ನ ನನ್ನೆದುರು ಎರಡು ಸಲ ಮಾಡಿ ಕಲಿತಿದ್ದಳು. ಈಗ ಸೈಕಲ್ ಪಕ್ಕದ ಗೂಡಿನಲ್ಲಿ ಸಕ್ಕರೆ ಡಬ್ಬಿ ಕಾಯಂ ಇರುತ್ತದೆ. ಮರುವಾರ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದರು, ತುಳಿಯೋ ಮುಂಚೆ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ತಿನ್ನಿ ಅಂದರು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋ ಮನೆಯವರು ನಿಮ್ಮ ಡಾಕ್ಟರಿಂದ ನಿಮ್ಮ ಲೆಕ್ಕ ಕೇಳಿಕೊಳ್ಳಿ.

ಪಡಸಾಲೆಯ ಮಹಿಮೆ

ಸೈಕಲ್ ಒಳಗಿನ ಕೋಣೆಯಲ್ಲಿಡೋಣ ಅಂತ ಅಪ್ಪ ಹಟ ಮಾಡಿದ್ದ. ಮಂದಿ ನೋಡಿ ನಗ್ತಾರೆ ಅಂತ. ಅವ್ವ ಒಪ್ಪಲಿಲ್ಲ, ಒಳಗೆ ತಲೆ ತಿರುಗಿದರೆ ಯಾರಿಗೆ ಗೊತ್ತಾಗಬೇಕು ಅಂದಳು. ಪಡಸಾಲೆಗೇ ಬಂತು. ಮೊದಲ ದಿನ ಓಣಿ ಮಂದಿಯೆಲ್ಲ ಬಂದು ನೋಡಿದರು. ಅಪ್ಪ ಹತ್ತು ನಿಮಿಷ ಅನ್ನೋಷ್ಟು ಗಂಭೀರವಾಗಿ ಐದು ನಿಮಿಷ ತುಳಿದು, "ಇಷ್ಟು ತುಳಿದ್ರೂ ಸುರಪುರ ಬರವಲ್ದಲ್ಲೋ!" ಅಂದ. ಎಲ್ಲರೂ ನಕ್ಕರು. ಆ ನಗು ಅಪ್ಪನ ಮೇಲಿನದಲ್ಲ, ಅಪ್ಪನ ಜೊತೆಗಿನದು. ಈಗ ಸಂಜೆ ಯಾರಾದರೂ ಗೆಳೆಯರು ಬಂದು ಎದುರು ಕೂರ್ತಾರೆ. ನೀರು ಬಿಟ್ಟರಾ, ಭತ್ತದ ರೇಟೆಷ್ಟು ಅಂತ ಮಾತು ನಡೀತದೆ. ಮಾತಿನ ಪರೀಕ್ಷೆ ತಾನೇ ಆಗ್ತದೆ.

ಪವಾಡ ಏನೂ ಆಗಿಲ್ಲ. ಮೆಟ್ಟಿಲು ಹತ್ತುವಾಗ ಮೊಣಕಾಲು ಈಗಲೂ ನೋಯುತ್ತದೆ. ಕೂತು ತುಳಿದರೆ ನಿಲ್ಲೋ ಶಕ್ತಿ, ಬ್ಯಾಲೆನ್ಸ್ ಬರೋದಿಲ್ಲ. ಅದಕ್ಕೆ ಗೋಡೆ ಹಿಡಿದು ಹಿಮ್ಮಡಿ ಎತ್ತೋದು, ಕುರ್ಚಿಯಿಂದ ಕೈ ಊರದೆ ಏಳೋದು ಬೇರೆಯೇ ಮಾಡಬೇಕು. ಆದರೆ ನಾಲ್ಕು ತಿಂಗಳಾದ ಮೇಲೆ ಅಪ್ಪ ಕೋಲು ಹಿಡಿದು ಚಹಾದಂಗಡಿವರೆಗೆ ಹೋಗಿ ಬರ್ತಾನೆ. ಲೂಪ್ ಒಂದು ಕಡೆ ಮುರಿದಿದೆ.

ಅದಕ್ಕೇ ಹೇಳೋದು, ಅಪ್ಪ-ಅವ್ವನಿಗೆ ಸೈಕಲ್ ಆರ್ಡರ್ ಮಾಡೋ ಮುಂಚೆ ಮ್ಯಾನೇಜರ್‌ಗೆ ರಜೆಯ ಮೇಲ್ ಹಾಕಿ. ಡಬ್ಬಿ ಮನೆ ತಲುಪೋ ದಿನ ನೀವೂ ತಲುಪಿ. ಮೊದಲ ದಿನ ಗಾಡಿ ಜೋಡಿಸಿ. ಉಳಿದೆರಡು ದಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕ್ಕೊಂಡು, ಅವರು ತುಳಿಯೋದನ್ನ ನೋಡ್ತಾ ಸುಮ್ಮನೆ ಮಾತಾಡ್ತಾ ಕೂತ್ಕೊಳ್ಳಿ.